ಅಂಗಡಿಯವನ ಪಟ್ಟಿ, ನಮ್ಮ ಕಪಾಟು

ನಮ್ಮ ಕಾಲೇಜುಗಳ ಗ್ರಂಥಾಲಯಕ್ಕೆ ಪುಸ್ತಕ ಆರಿಸುವವರು ಯಾರು? ಗ್ರಂಥಪಾಲಕರು ಅಂತೀರಾ? ಮೇಷ್ಟ್ರುಗಳು ಅಂತೀರಾ? ಓದುವ ಹುಡುಗ ಹುಡುಗಿಯರು ಅನ್ನುವಷ್ಟು ಧೈರ್ಯ ಯಾರಿಗೂ ಇರಲಾರದು. ಮಾರ್ಚ್ ತಿಂಗಳ ಮೂರನೇ ವಾರ ಯಾವುದಾದರೂ ಗ್ರಂಥಾಲಯಕ್ಕೆ ಹೋಗಿ ಸುಮ್ಮನೆ ಒಂದು ಗಳಿಗೆ ನಿಂತು ನೋಡಿ. ಅನುದಾನ 31ರ ಒಳಗೆ ಖರ್ಚಾಗಬೇಕು. ಕಂಪ್ಯೂಟರಿನ ಪರದೆಯ ಮೇಲೆ ಆನ್‌ಲೈನ್ ಅಂಗಡಿ ಬಾಗಿಲು ತೆರೆದು ಕೂತಿದೆ. ಹುಡುಕುವ ಡಬ್ಬಿಯಲ್ಲಿ ಒಂದು ಪದ ಹಾಕುತ್ತಾರೆ. ಮೊದಲ ಪುಟದಲ್ಲಿ ಬಂದದ್ದನ್ನು ಬುಟ್ಟಿಗೆ ತುಂಬುತ್ತಾರೆ. ಮೂರು ದಿನಕ್ಕೆ ಪಾರ್ಸಲ್ಲು. ಬಿಲ್ಲು ಸರಿ, ರಿಯಾಯಿತಿ ಸರಿ, ಆಡಿಟ್ಟಿನವರೂ ಖುಷಿ. ಹಾಗಾದರೆ ಆರಿಸಿದವರು ಯಾರು ಸ್ವಾಮಿ? ಆ ಮೊದಲ ಪುಟ. ಆ ಪುಟದಲ್ಲಿ ಮೇಲಿನ ಜಾಗಕ್ಕೆ ದುಡ್ಡು ಕೊಟ್ಟವರಿದ್ದಾರೆ. ಜಾಹೀರಾತು ಅಂತ ಸಣ್ಣ ಅಕ್ಷರದಲ್ಲಿ ಬರೆದೂ ಇರುತ್ತದೆ. ಅದರ ಕೆಳಗೆ ಬರುವುದು ಈಗಾಗಲೇ ಹೆಚ್ಚು ಮಾರಾಟವಾದದ್ದು. ಮಾರಾಟವಾದದ್ದೇ ಮತ್ತೆ ಮಾರಾಟವಾಗುತ್ತದೆ. ಕಾಣದೇ ಇದ್ದದ್ದು ಕಾಣದೇ ಉಳಿಯುತ್ತದೆ.

ಎಲ್ಲ ಕಡೆಯೂ ಹೀಗೇ ಅಂತ ನಾನು ಹೇಳ್ತಿಲ್ಲ. ಪಟ್ಟಿ ಹಿಡಿದು ಪ್ರಕಾಶಕರ ಮನೆ ಬಾಗಿಲು ತಟ್ಟುವ, ಸಮ್ಮೇಳನದ ಮಳಿಗೆಗಳಲ್ಲಿ ಬೆವರು ಸುರಿಸಿಕೊಂಡು ಪುಸ್ತಕ ಹೆಕ್ಕುವ ಗ್ರಂಥಪಾಲಕರನ್ನು ಕಂಡಿದ್ದೇನೆ. ಅವರಿಗೆ ಈ ಲೇಖನ ಬೇಕಾಗಿಲ್ಲ. ನನ್ನ ಜಗಳ ಉಳಿದವರ ಜೊತೆ.

ಈ ಜಗಳ ನಮ್ಮದು ಯಾಕೆ? ಅಪ್ಪ ಅಮ್ಮ ಓದಿದ ಮನೆಯ ಹುಡುಗನಿಗೆ ಕಾಲೇಜಿನ ಗ್ರಂಥಾಲಯ ಎರಡನೇ ಕಪಾಟು. ಅಲ್ಲಿ ಸಿಗದಿದ್ದರೆ ಮನೆಯಲ್ಲಿದೆ, ಚಿಕ್ಕಪ್ಪನ ಹತ್ತಿರ ಇದೆ, ಇಲ್ಲಾ ಅವನೇ ಫೋನಿನಲ್ಲಿ ತರಿಸಿಕೊಳ್ಳುತ್ತಾನೆ. ಕೇರಿಯಿಂದ ಬಂದ ಹುಡುಗಿಗೆ ಅದೇ ಮೊದಲನೇ ಕಪಾಟು, ಅದೇ ಕೊನೆಯದು. ನಮ್ಮ ಮನೆಗಳಲ್ಲಿ ಅಚ್ಚಾದ ಕಾಗದ ಅಂದರೆ ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು, ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಇರುವ ಕ್ಯಾಲೆಂಡರು. ಆ ಫೋಟೋದಲ್ಲಿ ಅವರ ಕಂಕುಳಲ್ಲಿ ಒಂದು ಪುಸ್ತಕ ಇದೆ. ಆದರೆ ಮನೆಯಲ್ಲಿ ಅವರ ಪುಸ್ತಕ ಇಲ್ಲ. ಬಿ.ಎ.ಗೆ ಸೇರಿದ ಮೇಲೆ ಅದು ಸಿಗಬೇಕಾದ ಜಾಗ ಒಂದೇ. ಆ ಕಪಾಟಿನಲ್ಲೂ ಇಲ್ಲ ಅಂದರೆ ನಮ್ಮ ಪಾಲಿಗೆ ಆ ಪುಸ್ತಕ ಪ್ರಪಂಚದಲ್ಲೇ ಇಲ್ಲ.

ಮೊದಲು ಎಲ್ಲ ಚೆನ್ನಾಗಿತ್ತು, ಈಗ ಕೆಟ್ಟಿತು ಅನ್ನುವ ಹಾಡನ್ನು ನಾನು ಹಾಡುವುದಿಲ್ಲ. ಮೊದಲು ಇದ್ದವನು ಸರಬರಾಜುದಾರ. ಶೇಕಡ 10ರ ರಿಯಾಯಿತಿಯನ್ನು ದಾನದ ಹಾಗೆ ಕೊಡುತ್ತಿದ್ದ. ಆರ್ಡರು ಕೊಟ್ಟು ಆರು ತಿಂಗಳಿಗೆ, ಕೇಳಿದ ಪುಸ್ತಕ ಬಿಟ್ಟು ಬೇರೆಯದನ್ನು ತಂದು ಸುರಿಯುತ್ತಿದ್ದ. ಬೆಲೆಯ ಮೇಲೆ ಬೆಲೆಯ ಚೀಟಿ ಅಂಟಿಸಿದ ದಪ್ಪ ರಟ್ಟಿನ ವಿಶ್ವಕೋಶಗಳು, ಎಲ್ಲೂ ಹೋಗದೆ ಗೋದಾಮಿನಲ್ಲಿ ಕೊಳೆಯುತ್ತಿದ್ದ ಮ್ಯಾನೇಜ್‌ಮೆಂಟ್ ಪುಸ್ತಕಗಳು, ಐಚ್ಛಿಕ ಕನ್ನಡ ಓದುವ ನಮಗೆ! ನಾನು ಓದಿದ ಕಾಲೇಜಿನಲ್ಲಿ ಪರಿಶಿಷ್ಟರ ಹೆಸರಿನ ಪುಸ್ತಕ ನಿಧಿಗೆ ಒಂದೇ ಗೈಡಿನ ನಲವತ್ತು ಪ್ರತಿ ಬಂದು ಬಿದ್ದಿದ್ದವು. ಆ ಸಿಲಬಸ್ ಬದಲಾಗಿ ಎರಡು ವರ್ಷ ಆಗಿತ್ತು. ಕಟ್ಟು ಬಿಚ್ಚದೇ ಇದ್ದ ಆ ಗೈಡುಗಳ ಮೇಲೆ ಕೂತು ನಾವು ಟಿಫನ್ ತಿನ್ನುತ್ತಿದ್ದೆವು. ಆ ಸರಬರಾಜುದಾರ ಹೋದ ಅಂತ ಒಂದು ಹನಿ ಕಣ್ಣೀರೂ ಬೇಡ. ಅವನ ಕಾಟಕ್ಕೆ ಬೇಸತ್ತ ಗ್ರಂಥಪಾಲಕರು ಮೌಸಿನ ಕಡೆ ಕೈ ಚಾಚಿದ್ದರೆ ಅದು ನನಗೆ ಅರ್ಥವಾಗುತ್ತದೆ.

ಆದರೆ ಅವನ ಜಾಗಕ್ಕೆ ಬಂದವನು ಯಾರು ಅಂತ ನೋಡೋಣ. ಅಮೆಜಾನಿನ ಒಡೆಯ ಜೆಫ್ ಬೆಜೋಸ್ 1994ರಲ್ಲಿ ಕಂಪನಿ ಕಟ್ಟಿ 1995ರಲ್ಲಿ ಅಂಗಡಿ ತೆರೆದಾಗ ಪುಸ್ತಕವನ್ನು ಹಿಡಿದದ್ದು ಅಕ್ಷರದ ಮೇಲೆ ಪ್ರೀತಿ ಉಕ್ಕಿ ಅಲ್ಲ. ಯಾವ ಗೋಡೆಯ ಅಂಗಡಿಯೂ ಹಿಡಿಸಲಾರದಷ್ಟು ಬಗೆಯ ಸರಕು ಇರುವುದು ಪುಸ್ತಕದಲ್ಲಿ, ಕಳಿಸುವಾಗ ಒಡೆಯುವುದಿಲ್ಲ, ಕೊಳೆಯುವುದಿಲ್ಲ ಅನ್ನುವ ಲೆಕ್ಕ. ಪುಸ್ತಕ ಅವನಿಗೆ ಮೆಟ್ಟಿಲು. ಹತ್ತಿದ ಮೇಲೆ ಸೋಪು, ಚಪ್ಪಲಿ, ಟಿ.ವಿ. ಎಲ್ಲ ಬಂತು. ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಕೂಡ ಅದೇ ಮೆಟ್ಟಿಲು ಹತ್ತಿದ್ದು. ಅದು ಮಾರಿದ ಮೊದಲ ಪುಸ್ತಕ ಆಗ ಆಂಧ್ರದಲ್ಲಿದ್ದ ಮಹಬೂಬ್‌ನಗರಕ್ಕೆ ಹೋಯಿತು. ಮೈಕ್ರೋಸಾಫ್ಟಿನ ಕೆಲಸ ಬಿಟ್ಟು ನೇಪಾಳದ ಹಳ್ಳಿ ಶಾಲೆಗಳಿಗೆ ಗ್ರಂಥಾಲಯ ಕಟ್ಟಲು ಹೋದ ಜಾನ್ ವುಡ್ ಎಂಬಾತ ಬರೆದ ಪುಸ್ತಕ ಅದು. ಎಂಥ ತಮಾಷೆ ನೋಡಿ! ಗ್ರಂಥಾಲಯ ಕಟ್ಟಿದವನ ಕಥೆ ಮಾರಿಕೊಂಡು ಶುರುವಾದ ಅಂಗಡಿಯನ್ನು 2018ರಲ್ಲಿ 1,600 ಕೋಟಿ ಡಾಲರಿಗೆ ಅಮೆರಿಕದ ವಾಲ್‌ಮಾರ್ಟ್ ತನ್ನದಾಗಿಸಿಕೊಂಡಿತು. ಅಮೆಜಾನ್ ಇಲ್ಲಿಗೆ ಬಂದದ್ದು 2013ರಲ್ಲಿ. ಈ ಎರಡು ಅಂಗಡಿಗಳ ಮೇಲೂ ಸ್ಪರ್ಧಾ ಆಯೋಗ 2020ರಲ್ಲಿ ತನಿಖೆಗೆ ಆದೇಶಿಸಿತು. ತಮಗೆ ಬೇಕಾದ ಕೆಲವು ಮಾರಾಟಗಾರರನ್ನೇ ಮೇಲೆ ತಂದು ಕಾನೂನು ಮುರಿದಿದ್ದಾರೆ ಅಂತ ತನಿಖಾ ವರದಿ ಹೇಳಿರುವುದು 2024ರಲ್ಲಿ ಹೊರಬಿತ್ತು. ಕಂಪನಿಗಳು ಅದನ್ನು ಒಪ್ಪುವುದಿಲ್ಲ. ಒಪ್ಪುತ್ತಾರೆಯೇ?

ಒಬ್ಬ ಓದುಗ ತನ್ನ ದುಡ್ಡಲ್ಲಿ ಅಲ್ಲಿ ಒಂದು ಪುಸ್ತಕ ಕೊಂಡರೆ ನನಗೇನೂ ತಕರಾರಿಲ್ಲ, ನಾನೂ ಕೊಂಡಿದ್ದೇನೆ. ಪುಸ್ತಕದಂಗಡಿಯೇ ಇಲ್ಲದ ತಾಲ್ಲೂಕಿನಲ್ಲಿ ಕೂತು ಪರಿಶುದ್ಧತೆಯ ಮಾತಾಡುವುದು ಮಡಿವಂತಿಕೆ. ನಮಗೆ ಮಡಿ ಯಾಕೆ? ನನ್ನ ತಕರಾರು ಸಾರ್ವಜನಿಕ ದುಡ್ಡಿನದು. ಅದರಲ್ಲೂ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆ ಅಂತ 2013ರಲ್ಲಿ ಹೋರಾಡಿ ಕಾಯ್ದೆ ಮಾಡಿಸಿಕೊಂಡೆವಲ್ಲ, ಆ ಲೆಕ್ಕದಲ್ಲಿ ಕಾಲೇಜಿಗೆ ಬರುವ ಪ್ರತಿ ರೂಪಾಯಿಯದು.

"ನಿಯಮ ಹಾಗಿದೆ ಕಣಪ್ಪಾ, ಕಡಿಮೆ ಬೆಲೆಗೆ ಎಲ್ಲಿ ಸಿಗುತ್ತೋ ಅಲ್ಲೇ ತಗೋಬೇಕು" ಅಂತಾರೆ. ಯಾವ ನಿಯಮ? ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಾವಳಿ ತೆಗೆದು 143ನೇ ನಿಯಮ ಓದಿ. ಸರಕು ಅಂದರೆ ಏನು ಅಂತ ಹೇಳುತ್ತಾ, ಕುರ್ಚಿ ಮೇಜಿನಿಂದ ಹಿಡಿದು ಯಂತ್ರದವರೆಗೆ ಎಲ್ಲವನ್ನೂ ಸೇರಿಸಿ, ಗ್ರಂಥಾಲಯಕ್ಕೆ ಕೊಳ್ಳುವ ಪುಸ್ತಕ ಮತ್ತು ನಿಯತಕಾಲಿಕಗಳನ್ನು ಆ ಮಾತಿನಿಂದ ಹೊರಗಿಟ್ಟಿದ್ದಾರೆ. ನಮ್ಮ ರಾಜ್ಯದ ಕಾಲೇಜುಗಳಿಗೆ ಈ ನಿಯಮ ನೇರವಾಗಿ ಅನ್ವಯಿಸದೆ ಇರಬಹುದು. ಆದರೆ ಒಳಗಿನ ತಿಳಿವಳಿಕೆ ನೋಡಿ: ಫ್ಯಾನು ಕೊಳ್ಳುವ ಹಾಗೆ ಪುಸ್ತಕ ಕೊಳ್ಳಲು ಬರುವುದಿಲ್ಲ. ಒಂದೇ ಅಳತೆಯ ಎರಡು ಫ್ಯಾನುಗಳಲ್ಲಿ ಅಗ್ಗದ್ದನ್ನು ಕೊಳ್ಳಬಹುದು. ದೇವನೂರರ 'ಕುಸುಮಬಾಲೆ' ಬೇಕು ಅಂದಾಗ ಅದಕ್ಕಿಂತ ನಲವತ್ತು ರೂಪಾಯಿ ಕಡಿಮೆಗೆ ಬೇರೆ ಕಾದಂಬರಿ ಸಿಕ್ಕಿತು ಅಂತ ತರಲಾದೀತೆ? ಗುಮಾಸ್ತೆಗಿರಿ ಮಾಡುವ ಕಾಗದವೇ ಒಪ್ಪಿಕೊಂಡ ಸತ್ಯ ನಮ್ಮ ಡಾಕ್ಟರೇಟ್ ಪಡೆದ ಪ್ರಾಂಶುಪಾಲರಿಗೆ ಹೊಳೆಯುವುದಿಲ್ಲ.

ಇನ್ನೊಂದು ಒಳಗುಟ್ಟು. ಆನ್‌ಲೈನ್ ಅಂಗಡಿ ಮೊದಲು ದುಡ್ಡು ಕೇಳುತ್ತದೆ. ಸರ್ಕಾರಿ ಕಾಲೇಜು ಪುಸ್ತಕ ಬಂದು ನೋಂದಣಿ ಆದ ಮೇಲೆ ದುಡ್ಡು ಕೊಡುತ್ತದೆ. ಈ ಎರಡರ ನಡುವಿನ ಕಂದಕಕ್ಕೆ ಅದೇ ಹಳೆಯ ಸರಬರಾಜುದಾರ ಹೊಸ ಅಂಗಿ ತೊಟ್ಟು ಬಂದು ನಿಲ್ಲುತ್ತಾನೆ. ಅವನೇ ಅಮೆಜಾನಿನಿಂದ ರಿಯಾಯಿತಿಯಲ್ಲಿ ತರಿಸಿ, ಮುಖಬೆಲೆಗೆ ಶೇಕಡ 10 ಕಳೆದು ಬಿಲ್ಲು ಕೊಟ್ಟರೆ ಕೇಳುವವರು ಯಾರು? ದಲ್ಲಾಳಿ ಹೋದ ಅಂದವರು ಅವನ ನೆರಳನ್ನು ನೋಡಲಿ.

ಈಗ ಮುಖ್ಯ ಮಾತು. ಯಾವ ಅಂಗಡಿಯೂ ಹಿಡಿಸಲಾರದಷ್ಟು ಪುಸ್ತಕ ಇಟ್ಟಿದ್ದೇವೆ ಅನ್ನುವ ಈ ಅಂಗಡಿಯಲ್ಲಿ ಸಿಗದೇ ಇರುವುದು ಏನು? ಐ.ಎಸ್.ಬಿ.ಎನ್. ಇಲ್ಲದ್ದು. ಎಪ್ಪತ್ತು ಎಂಬತ್ತರ ದಶಕದಲ್ಲಿ ಸೈಕ್ಲೋಸ್ಟೈಲಿನಲ್ಲಿ, ಟ್ರೆಡಲ್ ಮಿಷನ್ನಿನಲ್ಲಿ ಅಚ್ಚಾದ ನಮ್ಮ ಕಿರುಹೊತ್ತಿಗೆಗಳು. ತಾಲ್ಲೂಕು ಕೇಂದ್ರದ ಪ್ರೆಸ್ಸಿನಲ್ಲಿ ಕವಿಯೇ ಕೈಯಿಂದ ಕಾಸು ಹಾಕಿ ಮಾಡಿಸಿದ ಐನೂರು ಪ್ರತಿಯ ಕವನ ಸಂಕಲನ. ಸಂಘಟನೆಯವರು ತಂದ ಭೂಹೋರಾಟದ ವರದಿ. ಮೊಹಲ್ಲಾದ, ಹಟ್ಟಿಯ, ತಾಂಡಾದ ಚರಿತ್ರೆ ಬರೆದ ಮೇಷ್ಟ್ರ ಪುಸ್ತಕ. ಐ.ಎಸ್.ಬಿ.ಎನ್. ಪಡೆಯಲು ಕಾಸಿಲ್ಲ, ದೆಹಲಿಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಈಗ ತರುವವರು ದಯವಿಟ್ಟು ಪಡೆಯಿರಿ. ಆದರೆ ನಂಬರು ಇದ್ದ ಮಾತ್ರಕ್ಕೆ ಆಯಿತೇ? ಕಮಿಷನ್ನು, ಕಳಿಸುವ ಖರ್ಚು, ವಾಪಸ್ ಬಂದರೆ ಅದರ ಖರ್ಚು ಎಲ್ಲ ಕಳೆದರೆ ನೂರು ರೂಪಾಯಿಯ ಪುಸ್ತಕ ಮಾರುವ ಸಣ್ಣ ಪ್ರಕಾಶಕನಿಗೆ ಕಾಗದದ ದುಡ್ಡೂ ಹುಟ್ಟುವುದಿಲ್ಲ. ಅವನು ಅಲ್ಲಿ ಕಾಲಿಡುವುದಿಲ್ಲ. ಇಟ್ಟರೂ ಯಾರದೋ ಕೈಗೆ ಸಿಕ್ಕ ನೂರರ ಪುಸ್ತಕ ನಾಲ್ಕು ನೂರಕ್ಕೆ ಅಲ್ಲಿ ನೇತಾಡುತ್ತಿರುತ್ತದೆ. ಗ್ರಂಥಪಾಲಕರು ಅದನ್ನು ನೋಡಿ "ದುಬಾರಿ" ಅಂತ ಮುಂದೆ ಹೋಗುತ್ತಾರೆ. ಇಲ್ಲವಾದರೆ "ಸ್ಟಾಕಿಲ್ಲ" ಅಂತ ಬರುತ್ತದೆ. ಪ್ರಕಾಶಕರ ಮನೆಯ ಅಟ್ಟದ ಮೇಲೆ ಮುನ್ನೂರು ಪ್ರತಿ ಇರುತ್ತವೆ! ಒಂದು ಫೋನು ಮಾಡಿದರೆ ಗೊತ್ತಾಗುತ್ತಿತ್ತು.

ಚರಿತ್ರೆಯನ್ನೇ ಕೇಳಿ ನೋಡಿ. 1936ರಲ್ಲಿ ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲ ಬಾಬಾಸಾಹೇಬರನ್ನು ಅಧ್ಯಕ್ಷತೆಗೆ ಕರೆದು, ಭಾಷಣ ನೋಡಿ ಹೆದರಿ, ಸಮ್ಮೇಳನವನ್ನೇ ಕೈಬಿಟ್ಟಿತು. ತಿದ್ದಲು ಒಪ್ಪದ ಅವರು ಅದನ್ನು ತಾವೇ ಅಚ್ಚು ಹಾಕಿಸಿದರು. ಇಂಗ್ಲಿಷಿನ 1,500 ಪ್ರತಿ ಎರಡೇ ತಿಂಗಳಲ್ಲಿ ಮುಗಿದವು. ಯಾವ ದೊಡ್ಡ ಪ್ರಕಾಶಕನೂ ಇರಲಿಲ್ಲ, ಹಂಚುವ ಕಂಪನಿಯೂ ಇರಲಿಲ್ಲ. ಇವತ್ತು ವಿಶ್ವವಿದ್ಯಾಲಯಗಳು ಸೆಮಿನಾರು ಮಾಡುವ 'ಜಾತಿ ವಿನಾಶ' ಹುಟ್ಟಿದ್ದು ಹೀಗೆ: ಲೇಖಕ ತಾನೇ ದುಡ್ಡು ಹಾಕಿ ತಂದ ಒಂದು ಪಾಂಪ್ಲೆಟ್ಟಾಗಿ. ಇವತ್ತು ಅಂಥದ್ದೊಂದು ಹುಟ್ಟಿದರೆ ನಮ್ಮ ಗ್ರಂಥಾಲಯಗಳ ಕೊಳ್ಳುವ ವಿಧಾನದಲ್ಲಿ ಅದಕ್ಕೆ ಒಳಗೆ ಬರುವ ಬಾಗಿಲು ಎಲ್ಲಿದೆ, ತೋರಿಸಿ.

ಹಳೆಯ ಮಾತಾಯಿತು ಅಂತೀರಾ? 2022ರಲ್ಲಿ ದೇವನೂರ ಮಹಾದೇವ ಅವರು 'ಆರೆಸ್ಸೆಸ್: ಆಳ ಮತ್ತು ಅಗಲ' ಬರೆದು, ಯಾರು ಬೇಕಾದರೂ ಅಚ್ಚು ಹಾಕಿ ಹಂಚಿ ಅಂತ ಬಿಟ್ಟುಕೊಟ್ಟರು. ಬೇರೆ ಬೇರೆ ಊರಿನ ಸಣ್ಣ ಪ್ರಕಾಶಕರು, ಸಂಘಟನೆಗಳು ಏಕಕಾಲಕ್ಕೆ ತಂದವು. ಲಕ್ಷಕ್ಕೂ ಮೀರಿ ಪ್ರತಿ ಹೋದವು. ಟೀ ಅಂಗಡಿಯಲ್ಲಿ, ಸಭೆಯ ಬಾಗಿಲಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕೈಯಿಂದ ಕೈಗೆ ಹೋದ ಪುಸ್ತಕ ಅದು. ಒಪ್ಪುವವರು ಒಪ್ಪಲಿ, ಬಿಡುವವರು ಬಿಡಲಿ. ರಾಜ್ಯಶಾಸ್ತ್ರ ಓದಿಸುವ ಕಾಲೇಜಿನ ಕಪಾಟಿನಲ್ಲಿ ಅದು ಇರಬೇಕೋ ಬೇಡವೋ? ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಮರುದಿನದಿಂದ ಗ್ರಂಥಾಲಯಗಳಿಗೆ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ ಬೇಕು, ಕ್ಲಿಕ್ ಮಾಡಿದರೆ ಸಿಗುತ್ತದೆ. ಸಂತೋಷ, ತರಿಸಿ. ಆದರೆ ಬಂಡಾಯದ ಜೊತೆ ಬೆಳೆದ ಆ ಹೆಣ್ಣುಮಗಳ ಕಥೆಗಳನ್ನು ಬೂಕರ್ ಬರುವ ಮೊದಲಿನ ಮೂರು ದಶಕ ಜೀವಂತ ಇಟ್ಟವರು ಯಾರು? ಕನ್ನಡದ ಪತ್ರಿಕೆಗಳು, ಕನ್ನಡದ ಸಣ್ಣ ಪ್ರಕಾಶಕರು. ಆ ಮೂವತ್ತು ವರ್ಷ ನಿಮ್ಮ ನೋಂದಣಿ ಪುಸ್ತಕದಲ್ಲಿ ಆಕೆಯ ಎಷ್ಟು ಪುಸ್ತಕ ಇದ್ದವು, ತೆಗೆದು ಎಣಿಸಿ. ಲಂಡನ್ನಿನಿಂದ ಸೀಲು ಬಿದ್ದ ಮೇಲೆ ಕೊಳ್ಳುವುದಕ್ಕೆ ಗ್ರಂಥಪಾಲಕ ಯಾಕೆ ಬೇಕು? ಅದನ್ನು ಅಂಗಡಿಯೇ ಮಾಡುತ್ತದೆ.

ಅಂಗಡಿಯ ಕೈಗೆ ಪುಸ್ತಕದ ಜುಟ್ಟು ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಸಾಕ್ಷಿ ಇದೆ. ಭಾರತದ ವೆಸ್ಟ್‌ಲ್ಯಾಂಡ್ ಎಂಬ ಪ್ರಕಾಶನವನ್ನು 2016ರಲ್ಲಿ ಅಮೆಜಾನ್ ಕೊಂಡಿತು. ಲೇಖಕರು ನಂಬಿ ಪುಸ್ತಕ ಕೊಟ್ಟರು. 2022ರ ಫೆಬ್ರುವರಿಯಲ್ಲಿ ಒಂದು ದಿನ, ಮುಚ್ಚುತ್ತೇವೆ ಅಂದಿತು, ಮುಚ್ಚಿತು. ತಮ್ಮ ಪುಸ್ತಕ ಇನ್ನು ಸಿಗುತ್ತದೋ ಇಲ್ಲವೋ ಅಂತ ಲೇಖಕರು ಅಂಗಡಿಗಳಿಗೆ ಓಡಿ ಉಳಿದ ಪ್ರತಿ ಕೊಳ್ಳುವ ಹಾಗಾಯಿತು. ಅಲ್ಲಿ ದುಡಿದ ತಂಡ ಬೇರೆ ಕಡೆ ನೆಲೆ ಹುಡುಕಿಕೊಂಡು ಮತ್ತೆ ಎದ್ದಿತು, ಅದು ಅವರ ಛಲ. 2009ರಲ್ಲಂತೂ ಇನ್ನೂ ವಿಚಿತ್ರ. ಅಮೆಜಾನ್ ತನ್ನ ಕಿಂಡಲ್ ಯಂತ್ರದಲ್ಲಿ ದುಡ್ಡು ಕೊಟ್ಟು ಕೊಂಡಿದ್ದವರ ಪುಸ್ತಕವನ್ನು ದೂರದಿಂದಲೇ ಅಳಿಸಿ ಹಾಕಿತು. ಮಾರಿದವನಿಗೆ ಹಕ್ಕಿರಲಿಲ್ಲ ಅನ್ನುವುದು ಕಾರಣ. ಅಳಿಸಿದ ಪುಸ್ತಕ ಯಾವುದು ಗೊತ್ತೆ? ಜಾರ್ಜ್ ಆರ್ವೆಲ್‌ನ '1984'! ದುಡ್ಡು ವಾಪಸ್ ಕೊಟ್ಟರು, ತಪ್ಪಾಯಿತು ಅಂದರು. ಅದಿರಲಿ, ಕೈ ಅಲ್ಲಿಯವರೆಗೆ ಚಾಚುತ್ತದೆ ಅನ್ನುವುದು ತಿಳಿಯಿತಲ್ಲ. ಕಾಲೇಜಿನವರು "ಇನ್ನು ಮುಂದೆ ಎಲ್ಲ ಇ-ಬುಕ್ಕೇ, ಕಪಾಟೇ ಬೇಡ" ಅಂದಾಗ ಇದನ್ನು ನೆನಪು ಮಾಡಿಕೊಡಿ.

ಅಷ್ಟೆಲ್ಲ ಬೇಡ, ಪುಸ್ತಕ ಅಂಚೆಯಲ್ಲಿ ತರಿಸೋಣ ಅಂದರೆ ಅಲ್ಲೂ ಕಲ್ಲು. ರಿಜಿಸ್ಟರ್ಡ್ ಬುಕ್ ಪೋಸ್ಟ್ ಅಂತ ಒಂದು ಇತ್ತು. ಐದು ಕಿಲೋ ಪುಸ್ತಕದ ಕಟ್ಟು ಎಂಬತ್ತು ರೂಪಾಯಿಗೆ ದೇಶದ ಯಾವ ಮೂಲೆಗಾದರೂ ಹೋಗುತ್ತಿತ್ತು. ಸಣ್ಣ ಪ್ರಕಾಶಕರ ಜೀವನಾಡಿ ಅದು. 2024ರ ಡಿಸೆಂಬರಿನಲ್ಲಿ ಸದ್ದಿಲ್ಲದೆ ಅದನ್ನು ನಿಲ್ಲಿಸಿದರು. ಕೂಗೆದ್ದ ಮೇಲೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ತಂದಿದ್ದಾರೆ: 300 ಗ್ರಾಮಿನವರೆಗೆ 20 ರೂಪಾಯಿ, ಐದು ಕಿಲೋಗೆ 100, ತೆರಿಗೆ ಬೇರೆ. ಕಾರ್ಮಿಕರ ದಿನದಂದೇ! ಹಳೆಯದಕ್ಕಿಂತ ತುಟ್ಟಿ, ಆದರೂ ಕೊರಿಯರಿಗಿಂತ ವಾಸಿ. ಎಷ್ಟು ಅಂಚೆ ಕಚೇರಿಯಲ್ಲಿ ಕೌಂಟರಿನವರಿಗೇ ಇದರ ಹೆಸರು ಗೊತ್ತಿದೆಯೋ, ಹೋಗಿ ಕೇಳಿ. ಗೊತ್ತಿಲ್ಲದಿದ್ದರೆ ನೀವೇ ಹೇಳಿಕೊಡಿ.

ಆ ಪಾರ್ಸಲ್ಲು ತರುವವನ ಬಗ್ಗೆಯೂ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಗ್ರಂಥಾಲಯದ ಬಾಗಿಲಿಗೆ ಬೈಕಿನಲ್ಲಿ ಬಂದು ಕಟ್ಟು ಇಳಿಸುವ ಹುಡುಗ ಎಷ್ಟೋ ಸಲ ಅದೇ ಕಾಲೇಜಿನಲ್ಲಿ ಬಿ.ಎ. ಮಾಡಿದವನು, ನಮ್ಮವನೇ. ಮೂರು ವರ್ಷ ಆ ಗ್ರಂಥಾಲಯದಲ್ಲಿ ಬೇಕಾದ ಪುಸ್ತಕ ಸಿಗದವನು ಈಗ ಅಲ್ಲಿಗೇ ಪುಸ್ತಕ ಹೊತ್ತು ತರುತ್ತಾನೆ, ಪಾರ್ಸಲ್ಲಿಗೆ ಇಷ್ಟು ಅಂತ. ಒಳಗೇನಿದೆ ಅಂತ ಅವನು ಕೇಳುವ ಹಾಗಿಲ್ಲ. 2024ರ ಮೇ ತಿಂಗಳಲ್ಲಿ ಹರಿಯಾಣದ ಮಾನೇಸರಿನ ಅಮೆಜಾನ್ ಗೋದಾಮಿನಲ್ಲಿ, ಲಾರಿಗಳ ಸರಕು ಇಳಿಸುವ ಗುರಿ ಮುಗಿಯುವ ತನಕ ನೀರಿಗೂ ಹೋಗುವುದಿಲ್ಲ ಶೌಚಕ್ಕೂ ಹೋಗುವುದಿಲ್ಲ ಅಂತ ಕೆಲಸಗಾರರ ಕೈಯಲ್ಲಿ ಪ್ರತಿಜ್ಞೆ ಮಾಡಿಸಿದ ಸುದ್ದಿ ಬಂತು. ಮಾನವ ಹಕ್ಕುಗಳ ಆಯೋಗ ನೋಟಿಸು ಕೊಟ್ಟಿತು. ಶೇಕಡ 30ರ ರಿಯಾಯಿತಿ ಎಲ್ಲಿಂದ ಹುಟ್ಟುತ್ತದೆ ಅಂತ ಕೇಳುವವರಿಗೆ ಉತ್ತರದ ಒಂದು ತುಂಡು ಅಲ್ಲಿದೆ.

"ಇದೆಲ್ಲ ಕಾಲದ ಪ್ರವಾಹ, ತಡೆಯಕ್ಕಾಗಲ್ಲ ಬಿಡಿ" ಅನ್ನುವ ಜಾಣರಿಗೆ ಫ್ರಾನ್ಸ್ ದೇಶ ತೋರಿಸುತ್ತೇನೆ. ಅದೇನು ಕಮ್ಯೂನಿಸ್ಟ್ ದೇಶವಲ್ಲ. 1981ರಲ್ಲೇ ಅಲ್ಲಿ ಕಾನೂನು ಮಾಡಿ, ಪುಸ್ತಕದ ಬೆಲೆಯನ್ನು ಪ್ರಕಾಶಕ ಗೊತ್ತು ಮಾಡಬೇಕು, ಅಂಗಡಿಯವನು ಶೇಕಡ 5ಕ್ಕಿಂತ ಹೆಚ್ಚು ಇಳಿಸುವಂತಿಲ್ಲ ಅಂದರು. 2003ರಲ್ಲಿ ಗ್ರಂಥಾಲಯಗಳಿಗೆ ಕೊಡುವ ರಿಯಾಯಿತಿಗೆ ಶೇಕಡ 9ರ ಮಿತಿ ಹಾಕಿದರು. ಯಾಕೆ? ರಿಯಾಯಿತಿಯಲ್ಲಿ ದೈತ್ಯನ ಜೊತೆ ಯಾವ ಊರಂಗಡಿಯೂ ಗೆಲ್ಲುವುದಿಲ್ಲ, ಅದಕ್ಕೇ. 2023ರ ಅಕ್ಟೋಬರಿನಿಂದ 35 ಯೂರೋ ಒಳಗಿನ ಪುಸ್ತಕದ ಆರ್ಡರಿಗೆ ಕನಿಷ್ಠ 3 ಯೂರೋ ಸಾಗಣೆ ದರ ಹಾಕಲೇಬೇಕು ಅಂತ ಮಾಡಿದರು. ಪ್ರವಾಹಕ್ಕೆ ಒಡ್ಡು ಕಟ್ಟಲು ಬರುತ್ತದೆ. ಕಟ್ಟುವ ಮನಸ್ಸಿನವರು ಬೇಕು.

ನಮ್ಮ ರಾಜ್ಯದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೇ 400ಕ್ಕೂ ಹೆಚ್ಚಿವೆ. ಒಂದೊಂದು ಕಾಲೇಜು ಒಂದು ಕನ್ನಡ ಪುಸ್ತಕದ ಎರಡೇ ಪ್ರತಿ ಕೊಂಡರೂ 800 ಆಯಿತು. ಸಣ್ಣ ಪ್ರಕಾಶಕನ ಒಂದು ಇಡೀ ಮುದ್ರಣ ಅಷ್ಟರಲ್ಲಿ ಮುಗಿಯುತ್ತದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಸಗಟು ಖರೀದಿಯಲ್ಲಿ 300 ಪ್ರತಿ ಕೊಳ್ಳುವ ಪದ್ಧತಿ ಇಟ್ಟುಕೊಂಡು, ದುಡ್ಡು ಕೊಡುವುದಕ್ಕೆ ವರ್ಷಗಟ್ಟಲೆ ಸತಾಯಿಸಿದರೂ, ಕನ್ನಡ ಪ್ರಕಾಶನ ಉಸಿರಾಡಿಕೊಂಡಿರುವುದಕ್ಕೆ ಅದೂ ಒಂದು ಕಾರಣ. ಕಾಲೇಜುಗಳ ಕೈಯಲ್ಲಿ ಅದಕ್ಕಿಂತ ದೊಡ್ಡ ಶಕ್ತಿ ಇದೆ. ಅದನ್ನು ಚಿಲ್ಲರೆ ಮಾಡಿ, ಒಬ್ಬೊಬ್ಬರೂ ಬೇರೆ ಬೇರೆ ಕೂತು ಒಂದೇ ಅಂಗಡಿಯ ಗುಂಡಿ ಒತ್ತುತ್ತಿದ್ದಾರೆ.

ನಾನು ಅಮೆಜಾನಿಗೆ ಬೆಂಕಿ ಹಚ್ಚಿ ಅನ್ನುತ್ತಿಲ್ಲ. ವಿಜ್ಞಾನದ ವಿದೇಶಿ ಪಠ್ಯ ಅಲ್ಲೇ ಬೇಗ ಸಿಗುವುದಾದರೆ ಅಲ್ಲೇ ತರಿಸಿ. ಪಟ್ಟಿ ಮಾತ್ರ ನಮ್ಮದಿರಲಿ. ಪಟ್ಟಿ ಮೊದಲು, ಅಂಗಡಿ ಆಮೇಲೆ. ಕನ್ನಡದ ಪುಸ್ತಕವನ್ನು ಪ್ರಕಾಶಕರಿಂದಲೇ ನೇರ ತರಿಸಲಿ. ಕುವೆಂಪು ಭಾಷಾ ಭಾರತಿಯ ಅಂಬೇಡ್ಕರ್ ಬರಹಗಳು ಭಾಷಣಗಳ ಕನ್ನಡ ಸಂಪುಟಗಳನ್ನು, ಅಕಾಡೆಮಿಗಳ ಪುಸ್ತಕವನ್ನು ಆಯಾ ಕಚೇರಿಯಿಂದ, ಸಿರಿಗನ್ನಡ ಮಳಿಗೆಗಳಿಂದ ತರಿಸಲಿ. ಗ್ರಂಥಾಲಯ ಸಮಿತಿಯಲ್ಲಿ ವಿದ್ಯಾರ್ಥಿಗಳಿರಲಿ, ಅದರಲ್ಲಿ ಹಾಸ್ಟೆಲಿನ ಹುಡುಗಿ ಒಬ್ಬಳಾದರೂ ಇರಲಿ. ಸಭೆ ನಿಜವಾಗಿ ನಡೆಯಲಿ.

ಗೆಳೆಯರೇ, ಜನವರಿಯಲ್ಲೇ ಶುರು ಮಾಡಿ. ಫೆಬ್ರುವರಿ ಅಂದರೆ ತಡವಾಯಿತು. ಹಾಸ್ಟೆಲಿನಲ್ಲಿ ಕೂತು ಐವತ್ತು ಪುಸ್ತಕದ ಪಟ್ಟಿ ಮಾಡಿ: ಹೆಸರು, ಲೇಖಕ, ಪ್ರಕಾಶಕರ ವಿಳಾಸ, ಫೋನು, ಬೆಲೆ. ವಿಳಾಸ ಇಲ್ಲದಿದ್ದರೆ "ಎಲ್ಲೂ ಸಿಗಲಿಲ್ಲ" ಅಂತ ವಾಪಸ್ ಕೊಡುತ್ತಾರೆ. ಪ್ರಾಂಶುಪಾಲರಿಗೆ ಕೊಟ್ಟು ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಏಪ್ರಿಲಿನಲ್ಲಿ ಹೋಗಿ ನೋಂದಣಿ ಪುಸ್ತಕ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಬಿ.ಪಿ.ಎಲ್. ಕಾರ್ಡಿದ್ದರೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಅಷ್ಟರಲ್ಲಿ ಕೇಳಬೇಕಾದ್ದನ್ನೆಲ್ಲ ಕೇಳಬಹುದು: ಈ ವರ್ಷ ಉಪಯೋಜನೆಯ ದುಡ್ಡಿನಲ್ಲಿ ಕೊಂಡ ಪುಸ್ತಕಗಳ ಪಟ್ಟಿ, ಒಂದೊಂದರ ಮುಖಬೆಲೆ, ಕೊಟ್ಟ ಬೆಲೆ, ಬಿಲ್ಲು ಯಾರದು, ಮತ್ತು ಆ ಪಟ್ಟಿಯನ್ನು ಒಪ್ಪಿದ ಸಭೆಯ ದಿನಾಂಕ, ಹಾಜರಿದ್ದವರ ಸಹಿ.